ಸೋರಿಯಾಸಿಸ್‌ಗೆ ಲೈಟ್ ತಗೊಳ್ಳುತ್ತಿದ್ದೀರಾ? ಚಡ್ಡಿ ಬದಲಿಸಬೇಡಿ

ಚರ್ಮದ ಡಾಕ್ಟರ್ 'ಲೈಟ್ ತಗೊಳ್ಳಿ' ಎಂದರೆ ಹೆಚ್ಚಾಗಿ ಅದು ನ್ಯಾರೋಬ್ಯಾಂಡ್ ಯುವಿಬಿ, ಅಂದರೆ 311 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕು. ಸೋರಿಯಾಸಿಸ್‌ನಲ್ಲಿ ಚರ್ಮ ಅವಸರವಾಗಿ ಬೆಳೆದು ಹೊಟ್ಟು ಕಟ್ಟುತ್ತದಲ್ಲ, ಆ ಅವಸರ ಇದರಿಂದ ಇಳಿಯುತ್ತದೆ. ಬೀರುವಿನಂಥ ಪೆಟ್ಟಿಗೆ, ಸುತ್ತಲೂ ಟ್ಯೂಬ್‌ಲೈಟು, ಫ್ಯಾನಿನ ಗುಂಯ್ ಸದ್ದು. ನನಗೆ ಮೊದಲ ದಿನ ನೂರು ಎಣಿಸುವಷ್ಟರಲ್ಲಿ ಆರಿಯೇ ಹೋಯಿತು.

ವಾರಕ್ಕೆ ಮೂರು ಸಲ, ನಡುವೆ ಒಂದು ದಿನ ಬಿಟ್ಟು. ಸುಮಾರು ಜನರಿಗೆ 20–30 ಸಲ ಬೇಕಾಗುತ್ತದೆ, ಐದನೇ ಸಲಕ್ಕೇ ಬೇಜಾರಾಗಿ ಬಿಡಬೇಡಿ. ಡೋಸ್ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗುತ್ತಾರೆ. ಅದಕ್ಕೇ ಮದುವೆ, ಜಾತ್ರೆ ಅಂತ ಎರಡು ವಾರ ತಪ್ಪಿಸಿಕೊಂಡಿದ್ದರೆ ಒಳಗೆ ಹೋಗುವ ಮುಂಚೆಯೇ ಹೇಳಿ, ಡೋಸ್ ಇಳಿಸಬೇಕಾಗುತ್ತದೆ, ಸುಮ್ನೆ ಹಳೇ ಲೆಕ್ಕದಲ್ಲಿ ನಿಂತರೆ ಮೈ ಸುಡುತ್ತದೆ.

ಹಿಂದಿನ ರಾತ್ರಿ ಎಣ್ಣೆ ಹಚ್ಚಿ ಹೊಟ್ಟು ನೆನೆಸಿ, ಬೆಳಿಗ್ಗೆ ಸ್ನಾನದಲ್ಲಿ ಮೆತ್ತಗೆ ತೆಗೆಯಿರಿ. ಕೆರೆಯಬೇಡಿ. ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಮುಲಾಮು ಬೆಳಕನ್ನೇ ತಡೆಯುತ್ತದೆ, ಅದನ್ನು ಲೈಟ್ ಆದ ಮೇಲೆ ಹಚ್ಚಿ. ಸೆಂಟು ಬೇಡ. ಹೊಸ ಮಾತ್ರೆ ಶುರುವಾಗಿದ್ದರೆ ಹೇಳಿ, ಕೆಲವು ಬಿಪಿ ಮಾತ್ರೆ, ಆ್ಯಂಟಿಬಯಾಟಿಕ್‌ಗಳಿಂದ ಚರ್ಮ ಬೇಗ ಸುಡುತ್ತದೆ. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದವರು, ಚರ್ಮದ ಕ್ಯಾನ್ಸರ್ ಆಗಿದ್ದವರು ಮೊದಲ ದಿನವೇ ಹೇಳಬೇಕು. ಕಣ್ಣಿಗೆ ಅವರು ಕೊಡುವ ಕನ್ನಡಕ ಇರಲೇಬೇಕು, ಗಂಡಸರು ಮರ್ಮಾಂಗ ಮುಚ್ಚಿಕೊಳ್ಳಬೇಕು.

ಈಗ ಚಡ್ಡಿಯ ವಿಷಯ. ಹದಿನೈದು ಸಲ ಆದ ಮೇಲೆ ಒಂದು ದಿನ ಗಿಡ್ಡದ್ದು ಹಾಕಿಕೊಂಡು ಹೋದೆ. ಅಲ್ಲಿಯವರೆಗೆ ಬೆಳಕೇ ಕಾಣದ ತೊಡೆಗೆ ಒಮ್ಮೆಗೇ ಅಷ್ಟು ಸಲ ಏರಿಸಿದ ಡೋಸ್ ಬಿತ್ತು. ಎರಡು ದಿನ ಕಾಲು ಅಗಲಿಸಿಕೊಂಡೇ ನಡೆದೆ. ತಲೆಕೂದಲು ತೀರಾ ಸಣ್ಣ ಮಾಡಿಸಿದರೂ ಇದೇ ಕಥೆ, ಕತ್ತಿನ ಹಿಂದೆ ಸುಡುತ್ತದೆ.

ಇನ್ನೊಂದು, ನಮ್ಮ ಕಂದು ಮೈಯಲ್ಲಿ ಕೆಂಪಾಗಿದ್ದು ಸರಿಯಾಗಿ ಕಾಣುವುದಿಲ್ಲ. ಮುಟ್ಟಿ ನೋಡಿ. ಬಿಸಿ, ಉರಿ, ಮಗ್ಗುಲು ಬದಲಿಸಿದರೆ ನೋವು, ಇವು ಮಾರನೇ ದಿನವೂ ಇದ್ದರೆ ಲೈಟ್ ಹಾಕುವ ಮುಂಚೆ ಹೇಳಿ. ಗುಳ್ಳೆ ಎದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಮನೆಯಲ್ಲೇ ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರುವ ಸಾಹಸ ಮಾತ್ರ ಬೇಡ. ಅದರಲ್ಲಿರುವ ಸೋರಲೆನ್ ಚರ್ಮಕ್ಕೆ ಬೆಳಕು ಜಾಸ್ತಿ ತಾಗುವಂತೆ ಮಾಡುತ್ತದೆ, ಅದನ್ನೇ ಪುವಾ ಅನ್ನುವ ಇನ್ನೊಂದು ಚಿಕಿತ್ಸೆಯಲ್ಲಿ ಡಾಕ್ಟರು ಅಳತೆ ಮಾಡಿ ಕೊಡುತ್ತಾರೆ. ಬಿಸಿಲಿಗೆ ಅಳತೆ ಎಲ್ಲಿದೆ ಅಲ್ವಾ?

ಮೈ ಒಂದಷ್ಟು ಕಪ್ಪಾಗುತ್ತದೆ, 'ಎಲ್ಲಿ ಬಿಸಿಲಲ್ಲಿ ಅಲೆದೆ?' ಅಂತ ನಮ್ಮ ಅತ್ತೆಯೇ ಕೇಳಿದ್ದರು. ಲೈಟ್ ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯುತ್ತದೆ.