ರೀಲು ತೊಳೆಸಲು ಕೊಡುವ ಮುನ್ನ, ಕೊಟ್ಟ ನಂತರ

ಅಟ್ಟದಲ್ಲಿದ್ದ ಅಪ್ಪನ ಕ್ಯಾಮೆರಾವನ್ನು ಇಳಿಸಿ, ಒರೆಸಿ, ಹೊಸ ರೋಲ್ ಹಾಕಿಕೊಂಡು ಫೋಟೋ ತೆಗೆಯುವ ಹುಡುಗ ಹುಡುಗಿಯರು ಬೆಂಗಳೂರು, ಮೈಸೂರುಗಳಲ್ಲಿ ಮತ್ತೆ ಕಾಣಸಿಗುತ್ತಿದ್ದಾರೆ. ಮೂವತ್ತಾರನೆಯ ಫೋಟೋ ಮುಗಿದೊಡನೆ ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದನ್ನು ಎಲ್ಲಿ ತೊಳೆಸುವುದು? ತೊಂಬತ್ತರ ದಶಕದಲ್ಲಿ ಯಾರೂ ಹಾಗೆ ಕೇಳಬೇಕಿರಲಿಲ್ಲ. ಊರಿನ ಸ್ಟುಡಿಯೊಗೆ ರೀಲು ಕೊಟ್ಟರೆ ಅವರೇ ಅದನ್ನು ಜಿಲ್ಲಾ ಕೇಂದ್ರದ ಕಲರ್ ಲ್ಯಾಬಿಗೆ ಕಳಿಸಿ, ಎರಡು ಮೂರು ದಿನಗಳಲ್ಲಿ ಪ್ರಿಂಟು, ನೆಗೆಟಿವ್ ಎರಡನ್ನೂ ಲಕೋಟೆಯಲ್ಲಿ ಹಾಕಿ ಕೊಡುತ್ತಿದ್ದರು. ಆ ಯಂತ್ರಗಳಲ್ಲಿ ಹೆಚ್ಚಿನವು ಗುಜರಿ ಸೇರಿವೆ. ಲ್ಯಾಬುಗಳು ಕೆಲವೇ ಉಳಿದಿರುವುದರಿಂದ ಗಿರಾಕಿಯೂ ಒಂದಿಷ್ಟು ತಿಳಿದುಕೊಂಡೇ ಒಳಗೆ ಕಾಲಿಡಬೇಕಾಗಿದೆ.

ತಿಳಿಯದೆ ಹೋದವರಲ್ಲಿ ನಾನೂ ಒಬ್ಬ. ಇಪ್ಪತ್ತು ವರ್ಷಗಳ ಹಿಂದೆ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಅಜ್ಜಿಯನ್ನು ಕೂರಿಸಿ ಒಂದು ಇಡೀ ಕಪ್ಪು-ಬಿಳುಪು ರೋಲ್ ತೆಗೆದಿದ್ದೆ. ಮನೆಗೆ ಹತ್ತಿರವಿದ್ದ ಕಲರ್ ಲ್ಯಾಬಿಗೆ ಕೊಟ್ಟೆ. ಯಾವ ಫಿಲ್ಮ್ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆ ಕೈಗೆ ಬಂದದ್ದು ಗಾಜಿನಷ್ಟು ತಿಳಿಯಾದ, ಏನೇನೂ ಇಲ್ಲದ ಒಂದೂವರೆ ಮೀಟರ್ ಪಟ್ಟಿ. ಕಲರ್ ಫಿಲ್ಮ್ ತೊಳೆಯುವಾಗ ಬೆಳ್ಳಿಯನ್ನೆಲ್ಲ ಬ್ಲೀಚ್ ಮಾಡಿ ಕರಗಿಸಿ, ಬಣ್ಣವನ್ನು ಮಾತ್ರ ಉಳಿಸುತ್ತಾರೆ. ಕಪ್ಪು-ಬಿಳುಪಿನಲ್ಲಿ ಚಿತ್ರವೆಂಬುದೇ ಬೆಳ್ಳಿ. ಅದು ಕರಗಿದರೆ ಉಳಿಯುವುದು ಬರೀ ಪ್ಲಾಸ್ಟಿಕ್. ಅಜ್ಜಿ ಅದೇ ವರ್ಷ ತೀರಿಕೊಂಡರು. ಅಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕ್ಯಾಮೆರಾದಿಂದ ಹೊರತೆಗೆಯುವಾಗ

35 ಎಂಎಂ ಫಿಲ್ಮನ್ನು ಡಬ್ಬಿಯೊಳಕ್ಕೆ ಪೂರ್ತಿ ಸುತ್ತಿದ ಮೇಲೆಯೇ ಹಿಂಬಾಗಿಲು ತೆರೆಯಬೇಕು. ಸುತ್ತುವ ಹಿಡಿಕೆ ಮೊದಲು ಬಿಗಿಯಾಗಿದ್ದು, ಕೊನೆಗೆ ತಟ್ಟನೆ ಹಗುರಾಗುತ್ತದೆ. ಹಗುರಾದ ಮೇಲೂ ನಾಲ್ಕು ಸುತ್ತು ತಿರುಗಿಸಿ. ಫಿಲ್ಮಿನ ತುದಿಯ ನಾಲಿಗೆ ಹೊರಗೆ ಉಳಿದರೆ ಮುಗಿದ ರೋಲನ್ನು ಹೊಸದೆಂದು ತಿಳಿದು ಮತ್ತೆ ಹಾಕುವ ಅಪಾಯವಿದೆ. ಒಂದರ ಮೇಲೊಂದು ಚಿತ್ರ ಬಿದ್ದು ಎರಡೂ ಹಾಳಾಗುತ್ತವೆ. ಹಿಡಿಕೆ ಸಿಕ್ಕಿಕೊಂಡರೆ ಬಲ ಹಾಕಬೇಡಿ, ಫಿಲ್ಮ್ ಹರಿಯುತ್ತದೆ. ಕ್ಯಾಮೆರಾವನ್ನೇ ಲ್ಯಾಬಿಗೆ ಒಯ್ದರೆ ಅವರು ಕತ್ತಲಕೋಣೆಯಲ್ಲಿ ಬಿಡಿಸಿಕೊಡುತ್ತಾರೆ. ಹೊರಬಂದ ಡಬ್ಬಿಯ ಮೇಲೆ ಅಳಿಸದ ಮಾರ್ಕರ್‌ನಿಂದ ನಿಮ್ಮ ಹೆಸರು, ದಿನಾಂಕ, ಎಷ್ಟು ಐಎಸ್‌ಒಗೆ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) ತೆಗೆದಿದ್ದೀರಿ ಎಂಬುದನ್ನು ಬರೆಯಿರಿ.

ಬೈಕಿನ ಪೆಟ್ಟಿಗೆ, ಬಿಸಿಲಲ್ಲಿ ನಿಂತ ಕಾರು, ಇವೆರಡರಲ್ಲೂ ರೋಲ್ ಇಡಬಾರದು. ವಿಮಾನದಲ್ಲಿ ಹೋಗುವವರು ಅದನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕಲೇಬಾರದು, ಅಲ್ಲಿನ ಎಕ್ಸ್‌ರೇ ತೀಕ್ಷ್ಣವಾದದ್ದು. ಕೈಚೀಲದಲ್ಲಿಟ್ಟುಕೊಂಡು, ಯಂತ್ರಕ್ಕೆ ಹಾಕದೆ ಕೈಯಿಂದ ಪರೀಕ್ಷಿಸುವಂತೆ ಭದ್ರತಾ ಸಿಬ್ಬಂದಿಯನ್ನು ವಿನಂತಿಸಿಕೊಳ್ಳಿ. ಕೈಚೀಲ ಪರೀಕ್ಷಿಸುವ ಹೊಸ ಸಿಟಿ ಸ್ಕ್ಯಾನರ್‌ಗಳು ಫಿಲ್ಮಿನ ಮೇಲೆ ಮಂಜು ಕವಿಸುತ್ತವೆ.

ಕೌಂಟರಿನಲ್ಲಿ ಕೇಳಬೇಕಾದದ್ದು

ಮೊದಲ ಪ್ರಶ್ನೆ: ಇಲ್ಲಿಯೇ ತೊಳೆಯುತ್ತೀರಾ, ಬೇರೆಡೆಗೆ ಕಳಿಸುತ್ತೀರಾ? ಕಳಿಸುವುದು ತಪ್ಪಲ್ಲ. ಆದರೆ ರೋಲ್ ಎಷ್ಟು ಕೈ ದಾಟುತ್ತದೆ ಎಂಬುದು ನಿಮಗೆ ಗೊತ್ತಿರಬೇಕು.

ಎರಡನೆಯದು: ಯಾವ ಕ್ರಮದಲ್ಲಿ ತೊಳೆಯುತ್ತೀರಿ? ಸಾಮಾನ್ಯ ಕಲರ್ ನೆಗೆಟಿವ್ ತೊಳೆಯುವ ಕ್ರಮಕ್ಕೆ ಸಿ-41 ಎಂದು ಹೆಸರು, ಕೊಡಾಕ್ ಇದನ್ನು 1972ರಲ್ಲಿ ತಂದಿತು. ನೆಗೆಟಿವ್ ಬದಲು ನೇರವಾಗಿ ನಿಜಬಣ್ಣದ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿಗೆ ಇ-6. ಕಪ್ಪು-ಬಿಳುಪಿಗೆ ಬೇರೆಯೇ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ. ಯಾವುದು ಬೇಕೆಂಬುದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ಇಲ್ಲೊಂದು ಗೊಂದಲವಿದೆ: ಇಲ್ಫೋರ್ಡ್ ಎಕ್ಸ್‌ಪಿ2 ಕಪ್ಪು-ಬಿಳುಪು ಫಿಲ್ಮೇ ಆದರೂ ಅದನ್ನು ಸಿ-41ರಲ್ಲಿಯೇ ತೊಳೆಯಬೇಕು. ಅದೇ ಕಂಪನಿಯ ಎಚ್‌ಪಿ5 ಅನ್ನು ಸಿ-41ಕ್ಕೆ ಹಾಕಿದರೆ ನನ್ನ ಮೇಲುಕೋಟೆಯ ರೋಲಿನ ಗತಿಯೇ. ಆದ್ದರಿಂದ 'ಕಪ್ಪು-ಬಿಳುಪು' ಎಂದಷ್ಟೇ ಹೇಳಿ ಸುಮ್ಮನಾಗದೆ ಫಿಲ್ಮಿನ ಪೂರ್ತಿ ಹೆಸರನ್ನು ಹೇಳಿ.

ಸಿನಿಮಾ ಫಿಲ್ಮನ್ನು ಚಿಕ್ಕ ಡಬ್ಬಿಗಳಿಗೆ ಸುತ್ತಿ ಮಾರುವವರೂ ಇದ್ದಾರೆ. ಬೆಲೆ ಕಡಿಮೆ, ಬಣ್ಣ ಚಂದ. ಆದರೆ ಅಂಥ ಅನೇಕ ಫಿಲ್ಮುಗಳ ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಇಂಗಾಲದ ಲೇಪವಿರುತ್ತದೆ. ಹೇಳದೆ ಕೊಟ್ಟರೆ ಅದು ಯಂತ್ರದೊಳಗೆ ಕಿತ್ತುಬಂದು ದ್ರಾವಣವನ್ನೇ ಕೆಡಿಸುತ್ತದೆ, ಜೊತೆಯಲ್ಲಿ ತೊಳೆದ ಅಪರಿಚಿತರ ಮದುವೆ, ನಾಮಕರಣದ ರೋಲುಗಳಿಗೂ ಮೆತ್ತಿಕೊಳ್ಳುತ್ತದೆ. ಇದನ್ನು ಮುಚ್ಚಿಡುವುದು ದೊಡ್ಡ ಅನ್ಯಾಯ.

'ಯಾವಾಗ ಸಿಗುತ್ತದೆ?' ಎಂಬುದಕ್ಕೆ 'ಮುಂದಿನ ವಾರ' ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಸಿ-41 ಡೆವಲಪರ್ ಒಮ್ಮೆ ಕಲಸಿದ ಮೇಲೆ ಗಾಳಿ ತಾಗಿ ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ. ಸಾಕಷ್ಟು ರೋಲ್ ಸೇರಿದ ಮೇಲೆ ಒಟ್ಟಿಗೆ ತೊಳೆಯುವ ಲ್ಯಾಬು, ಹಳಸಿದ ದ್ರಾವಣದಲ್ಲಿ ಅಂದೇ ತೊಳೆದುಕೊಡುವ ಲ್ಯಾಬಿಗಿಂತ ಮೇಲು. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಫಿಲ್ಮ್ ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ತಿರುಗುತ್ತದೆ. ಕಪ್ಪು-ಬಿಳುಪಿಗೆ ಸಾಮಾನ್ಯವಾಗಿ 20 ಡಿಗ್ರಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ನಲ್ಲಿ ನೀರನ್ನು ಆ ಮಟ್ಟಕ್ಕೆ ತರಲು ಮಂಜುಗಡ್ಡೆಯೇ ಬೇಕು. ಬೇಸಿಗೆಯಲ್ಲಿ ನೀರನ್ನು ಹೇಗೆ ತಣ್ಣಗಿಡುತ್ತೀರಿ ಎಂದು ಕೇಳಿ ನೋಡಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ, ಕೆಲವರು ಒಳಗೆ ಕರೆದು ತೋರಿಸುತ್ತಾರೆ ಕೂಡ.

ಹೊಸ ಲ್ಯಾಬಾದರೆ ಮುಖ್ಯವಾದ ರೋಲನ್ನು ಮೊದಲೇ ಕೊಡಬೇಡಿ. ಬೀದಿ, ಮರ, ಬೆಕ್ಕು ಎಂದು ಏನಾದರೂ ತೆಗೆದ ಒಂದು ರೋಲ್ ಕೊಟ್ಟು ಪರೀಕ್ಷಿಸಿ. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ರೋಲುಗಳಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಕಪ್ಪು-ಬಿಳುಪು ರೋಲ್ ಸಿಕ್ಕರೆ, ದಶಕಗಳು ಕಳೆದಿದ್ದರೂ ಮಸುಕಾಗಿಯಾದರೂ ಏನಾದರೊಂದು ಬರುವ ಸಾಧ್ಯತೆಯಿದೆ. ಕೊಡಾಕ್‌ನ ಹಳೆಯ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಸಿಕ್ಕರೆ ಬಣ್ಣದ ಆಸೆ ಬಿಡಬೇಕು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್‌ನಲ್ಲಿರುವ ಡ್ವೇನ್ಸ್ ಫೋಟೊ, 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಈಗ ಅದನ್ನು ಕಪ್ಪು-ಬಿಳುಪಾಗಿ ಮಾತ್ರ ತೊಳೆಯಬಹುದು.

ಚೀಟಿ

ಬಾಯಿಮಾತಿನಲ್ಲಿ ಹೇಳಿದ್ದು ಕತ್ತಲಕೋಣೆಯವರೆಗೆ ತಲುಪುವುದಿಲ್ಲ. ಫಿಲ್ಮಿನ ಹೆಸರು, ಐಎಸ್‌ಒ, ಪುಶ್ (ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು) ಬೇಕೇ, ನೆಗೆಟಿವ್ ವಾಪಸ್ ಬೇಕು ಎಂಬುದು, ಇವಿಷ್ಟನ್ನು ಚೀಟಿಯಲ್ಲಿ ಬರೆಸಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. 400ರ ಫಿಲ್ಮನ್ನು 1600 ಎಂದು ಇಟ್ಟು ತೆಗೆದಿದ್ದರೆ 'ಎರಡು ಸ್ಟಾಪ್ ಪುಶ್' ಎಂದು ಬರೆಯಬೇಕು (ಅಂಕಿ ಒಮ್ಮೆ ಎರಡು ಪಟ್ಟಾದರೆ ಒಂದು ಸ್ಟಾಪ್). ಇಡೀ ರೋಲಿಗೆ ಒಂದೇ ಕ್ರಮ. ಅರ್ಧಕ್ಕೆ ಬೇರೆ, ಇನ್ನರ್ಧಕ್ಕೆ ಬೇರೆ ಮಾಡಲಾಗದು. ಸ್ಕ್ಯಾನ್ ಅಳತೆಯನ್ನೂ ಬರೆಸಿ: 8×12 ಇಂಚಿನ ಒಳ್ಳೆಯ ಪ್ರಿಂಟು ಬೇಕಿದ್ದರೆ ಉದ್ದದ ಬದಿ 3600 ಪಿಕ್ಸೆಲ್ ಇರಲಿ.

ನೆಗೆಟಿವ್ ವಾಪಸ್ ಪಡೆಯುವ ವಿಷಯದಲ್ಲಿ ಸಡಿಲ ಬೇಡ. ಮೊಬೈಲಿಗೆ ಸ್ಕ್ಯಾನ್ ಬಂತಲ್ಲ ಎಂದು ಲ್ಯಾಬಿನತ್ತ ಮತ್ತೆ ಹೋಗದವರು ಬಹಳ. ಶಿವಮೊಗ್ಗದ ಗೆಳೆಯರೊಬ್ಬರು ಕೊರಿಯರ್ ಖರ್ಚು ಉಳಿಸಲು ಆಮೇಲೆ ತರಿಸಿಕೊಂಡರಾಯಿತೆಂದು ಬಿಟ್ಟಿದ್ದರು. ಕೆಲವು ತಿಂಗಳ ಮೇಲೆ ಕೇಳಿದಾಗ, ಯಾರೂ ಒಯ್ಯದವನ್ನು ಎಸೆದೆವು ಎಂಬ ಉತ್ತರ ಬಂತು. ಅವರ ಬಳಿ ಈಗ ಉಳಿದಿರುವುದು ಚಿಕ್ಕ ಅಳತೆಯ ಜೆಪಿಜಿಗಳಷ್ಟೇ.

ನೆಗೆಟಿವ್ ಓದುವುದು

ಫೋಟೋ ಚೆನ್ನಾಗಿ ಬಂದಿಲ್ಲವೆಂದು ಜಗಳಕ್ಕೆ ನಿಲ್ಲುವ ಮುನ್ನ ಈ ಕೆಲಸ ಮಾಡಿ. ಮೊಬೈಲಿನಲ್ಲಿ ಬಿಳಿ ಪರದೆ ತೆರೆದು, ಅದರ ಬೆಳಕಿಗೆ ನೆಗೆಟಿವ್ ಹಿಡಿಯಿರಿ. ಬೆರಳು ಅಂಚಿನಲ್ಲಿ ಮಾತ್ರ ಇರಲಿ. ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಅಂಚಿನಲ್ಲಿರುವ ಕಂಪನಿಯ ಹೆಸರು ಮತ್ತು ಅಂಕಿಗಳನ್ನು. ಅವನ್ನು ಕಾರ್ಖಾನೆಯಲ್ಲಿಯೇ ಬೆಳಕಿನಿಂದ ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಅವು ಕಾಣುವುದು ತೊಳೆದಾಗ ಮಾತ್ರ.

ಅಂಚಿನ ಅಕ್ಷರ ಸ್ಪಷ್ಟವಾಗಿದ್ದು ನಡುವೆ ಏನೂ ಇಲ್ಲದಿದ್ದರೆ ಲ್ಯಾಬು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಫಿಲ್ಮ್ ಕ್ಯಾಮೆರಾದೊಳಗಿನ ಹಲ್ಲುಗಳಿಗೆ ಸಿಕ್ಕದೆ ಮುಂದೆ ಸರಿದಿಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲದಿದ್ದರೆ ತೊಳೆಯುವುದರಲ್ಲಿ ತಪ್ಪಾಗಿದೆ: ಸತ್ತ ಡೆವಲಪರ್, ತಪ್ಪು ದ್ರಾವಣ ಅಥವಾ ಡೆವಲಪರ್‌ಗಿಂತ ಮೊದಲೇ ಫಿಕ್ಸರ್ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಬಿದ್ದಿರುವುದು. ನನ್ನ ಪಟ್ಟಿಯಲ್ಲಿಯೂ ಅಕ್ಷರಗಳಿರಲಿಲ್ಲ. ಆಗ ನನಗೆ ಇದು ತಿಳಿದಿರಲಿಲ್ಲ, ಕ್ಯಾಮೆರಾವನ್ನೇ ಬೈದುಕೊಂಡು ಮನೆಗೆ ಬಂದೆ.

ಚಿತ್ರ ತೆಳ್ಳಗಿದ್ದರೂ ಇದೇ ಪರೀಕ್ಷೆ. ಅಕ್ಷರ ಗಾಢವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ನೀವು ಬೆಳಕು ಕಡಿಮೆ ಕೊಟ್ಟಿದ್ದೀರಿ. ಎರಡೂ ತೆಳುವಾಗಿದ್ದರೆ ಫಿಲ್ಮ್ ಡೆವಲಪರ್‌ನಲ್ಲಿ ಸಾಕಷ್ಟು ಬೆಂದಿಲ್ಲ.

ಅಂಚಿನ ರಂಧ್ರಗಳಿಂದ ಚಿತ್ರದೊಳಕ್ಕೆ ಹರಿದ ಕಪ್ಪು ಕಲೆ ಬಹುಮಟ್ಟಿಗೆ ಕ್ಯಾಮೆರಾದ ಹಿಂಬಾಗಿಲಿನ ದೋಷ. ಹಳೆಯ ಕ್ಯಾಮೆರಾಗಳ ಬಾಗಿಲಿಗೆ ಅಂಟಿಸಿದ ಫೋಮ್ ಪಟ್ಟಿ ಕಾಲಕ್ರಮದಲ್ಲಿ ಅಂಟಂಟಾಗಿ ಕರಗುತ್ತದೆ, ಆ ಸಂದಿಯಿಂದ ಬೆಳಕು ನುಸುಳುತ್ತದೆ. ಪಟ್ಟಿ ಬದಲಿಸಿದರೆ ಸರಿಹೋಗುತ್ತದೆ. ಸಣ್ಣ ದುಂಡನೆಯ ತಿಳಿ ಚುಕ್ಕೆಗಳಿದ್ದರೆ ತೊಳೆಯುವಾಗ ಗಾಳಿಗುಳ್ಳೆ ಅಂಟಿಕೊಂಡು ಕುಳಿತಿತ್ತೆಂದು ಅರ್ಥ. ಉಗುರಿನ ಆಕಾರದ ಗುರುತು, ಕತ್ತಲಲ್ಲಿ ಸುರುಳಿಗೆ ಏರಿಸುವಾಗ ಫಿಲ್ಮ್ ಮಡಿಸಿದ್ದರಿಂದ ಆದದ್ದು. ಇವೆರಡೂ ಲ್ಯಾಬಿನ ಹೊಣೆ. ಉದ್ದಕ್ಕೂ ಎಳೆದ ನೇರ ಗೀರು ಮಾತ್ರ ಯಾರಿಂದಲೂ ಆಗಬಹುದು. ಬೇರೆ ಕ್ಯಾಮೆರಾದಲ್ಲಿ ತೆಗೆದ ರೋಲಿನಲ್ಲಿಯೂ ಅದು ಕಂಡರೆ ಲ್ಯಾಬನ್ನು ಕೇಳಿ.

ಕಪ್ಪು-ಬಿಳುಪು ನೆಗೆಟಿವ್ ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ಗಾಬರಿ ಬೇಡ. ಫಿಕ್ಸರ್ ಸಾಲದೆ ಹೋಗಿದೆ, ಅಷ್ಟೇ. ಹೊಸ ಫಿಕ್ಸರ್‌ನಲ್ಲಿ ಮತ್ತೊಮ್ಮೆ ಅದ್ದಿಸಿ, ತೊಳೆಸಿದರೆ ತಿಳಿಯಾಗುತ್ತದೆ. ಇದನ್ನು ಬೇಗ ಮಾಡಿಸಿ.

ಇನ್ನು ಅತಿ ಹೆಚ್ಚು ದೂರು ಕೇಳಿಬರುವುದು ಬಣ್ಣದ ಬಗ್ಗೆ: ಮುಖ ಹಸಿರಾಗಿದೆ, ಆಕಾಶ ನೇರಳೆಯಾಗಿದೆ ಎಂದು. ಇದರಲ್ಲಿ ಬಹುಪಾಲು ಸ್ಕ್ಯಾನ್ ಮಾಡಿದವರ ಆತುರ, ನೆಗೆಟಿವ್ ಚೆನ್ನಾಗಿಯೇ ಇರುತ್ತದೆ. ನೆರಳಿನ ಭಾಗದಲ್ಲಿಯೂ ವಿವರ ಕಂಡರೆ ಮರುಸ್ಕ್ಯಾನ್ ಕೇಳಿ. ಧೂಳಿನ ಚುಕ್ಕೆಗಳ ವಿಷಯದಲ್ಲಿ ಒಂದು ಮಾತು. ಅತಿಗೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಸೌಲಭ್ಯ ಕಲರ್ ಫಿಲ್ಮಿಗೆ ಕೆಲಸ ಮಾಡುತ್ತದೆ, ಬೆಳ್ಳಿಯ ಕಪ್ಪು-ಬಿಳುಪಿಗೆ ಮಾಡುವುದಿಲ್ಲ. ಅಲ್ಲಿ ಕೈಯಿಂದ ಒಂದೊಂದೇ ಚುಕ್ಕೆ ತೆಗೆಯಬೇಕು. ಅದಕ್ಕೆ ಹೆಚ್ಚು ಹಣ ಕೇಳಿದರೆ ಅದು ನ್ಯಾಯವೇ.

ದೂರು ಹೇಳಲು ಹೋಗುವಾಗ ಚೀಟಿ, ನೆಗೆಟಿವ್ ಎರಡನ್ನೂ ಒಯ್ಯಿರಿ, ತೊಳೆದವರ ಜೊತೆಗೇ ಮಾತಾಡಿ. 'ಹಾಳು ಮಾಡಿದ್ದೀರಿ' ಎನ್ನುವುದಕ್ಕಿಂತ 'ಅಂಚಿನ ಅಕ್ಷರ ತೆಳುವಾಗಿದೆ, ನೋಡುತ್ತೀರಾ ಸರ್' ಎಂದರೆ ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿಯುತ್ತಾರೆ. ನಾನು ಈಗ ಹೋಗುವ ಲ್ಯಾಬಿನ ಹಿರಿಯರೊಬ್ಬರು ಹೀಗೆ ಒಮ್ಮೆ ನೋಡಿ, ದ್ರಾವಣ ಸೋತಿದೆ ಎಂದು ಒಪ್ಪಿಕೊಂಡು, ಅಂದಿನ ಉಳಿದ ರೋಲುಗಳನ್ನು ತೊಳೆಯದೆ ತಡೆದರು.

ಮನೆಗೆ ತಂದ ಪಟ್ಟಿಗಳನ್ನು ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ತೂರಿಸಿಡಿ. ಪಿವಿಸಿ ಹಾಳೆ ಕಾಲಾಂತರದಲ್ಲಿ ಅಂಟಿಕೊಳ್ಳುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ಗೆ ಮೊದಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಬೇಕು, ಬೂಷ್ಟು ಒಮ್ಮೆ ಜೆಲಟಿನ್ ಪದರಕ್ಕೆ ಬೇರು ಬಿಟ್ಟರೆ ಬಿಡಿಸಲಾಗದು. ಜೆಲ್ ಹರಳು ಬಣ್ಣ ಬದಲಿಸಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಡಬ್ಬಿಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆದಿಡಿ.