ಇಂಟರ್ನೆಟ್ ಪಾಠಕ್ಕೆ ಆಕರ ಹುಡುಕುವುದು: ಶೂ ಅಂಗಡಿಯ ಲಿಂಕ್ ಕಲಿಸಿದ್ದು

ಇಂಟರ್ನೆಟ್ ಅಧ್ಯಯನದ ಮೊದಲ ಹಂತದ ಕೋರ್ಸು ನನ್ನ ಪಾಲಿಗೆ ಬಂದಾಗ ರಜೆಯೆಲ್ಲ ಕೂತು 22 ಲಿಂಕ್‌ಗಳ ಓದುಪಟ್ಟಿ ಮಾಡಿದ್ದೆ. ಮರುವರ್ಷ ಅದನ್ನೇ ತಾರೀಕು ಬದಲಿಸಿ ಹಂಚಿದೆ. ಮೂರನೇ ವಾರ ಒಬ್ಬಳು ಎದ್ದು ನಿಂತು, "ಮೇಡಂ, ಐದನೇದು ಒತ್ತಿದ್ರೆ ಯಾವುದೋ ಶೂ ಮಾರೋ ಅಂಗಡಿ ಬರ್ತಿದೆ" ಅಂದಳು. ಆ ರಾತ್ರಿ ಒಂದೊಂದನ್ನೇ ಒತ್ತಿ ನೋಡಿದೆ. ಆರು ತೆರೆಯಲೇ ಇಲ್ಲ, ಎರಡು ದುಡ್ಡು ಕೇಳಿದವು, ಒಂದು ಶೂ ಮಾರುತ್ತಿತ್ತು. ತಪ್ಪು ನನ್ನದೇ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಹಾಕಿದಂತೆ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಸಿಗದಂತಾಗಿದ್ದವು. ಆ ವರದಿಯನ್ನೇ ಈಗ ಮೊದಲ ತರಗತಿಯಲ್ಲಿ ಓದಿಸುತ್ತೇನೆ.

ಅಂದಿನಿಂದ ಆಕರಗಳನ್ನು ವಿಷಯದ ಪ್ರಕಾರ ಜೋಡಿಸುವುದು ಬಿಟ್ಟಿದ್ದೇನೆ. ಎಷ್ಟು ಬೇಗ ಹಳತಾಗುತ್ತವೆ ಅನ್ನುವುದನ್ನು ನೋಡಿ ಜೋಡಿಸುತ್ತೇನೆ. ಕೆಲವು ಹಳತಾಗುವುದೇ ಇಲ್ಲ, ಕೆಲವು ನಿಧಾನಕ್ಕೆ, ಅಂಕಿಅಂಶವಂತೂ ಒಂದೇ ವರ್ಷದಲ್ಲಿ.

ಹಳತಾಗದವುಗಳಿಂದ ಶುರುಮಾಡಿ. ಇಂಟರ್ನೆಟ್ ಕಟ್ಟಿದವರು ಬರೆದಿಟ್ಟ ಮೂಲ ಕಾಗದಗಳು ಬಹುಪಾಲು ಪುಕ್ಕಟೆ ಸಿಗುತ್ತವೆ. ಜಾಲ ಹೇಗೆ ಕೆಲಸ ಮಾಡಬೇಕೆಂದು ಅವರು ಬರೆದಿಟ್ಟ ಆರ್‌ಎಫ್‌ಸಿ (ರಿಕ್ವೆಸ್ಟ್ ಫಾರ್ ಕಾಮೆಂಟ್ಸ್) ಸರಣಿಯ ಮೊದಲನೆಯದನ್ನು ಸ್ಟೀವ್ ಕ್ರಾಕರ್ ಬರೆದದ್ದು 1969ರ ಏಪ್ರಿಲ್ 7ರಂದು. 'ನಿಮ್ಮ ಅಭಿಪ್ರಾಯ ತಿಳಿಸಿ' ಎನ್ನುವ ಅರ್ಥದ ಈ ಹೆಸರಿನಲ್ಲಿ ಇಂದಿಗೂ ಹೊಸ ಸಂಖ್ಯೆಗಳು ಬರುತ್ತಲೇ ಇವೆ. ಒಮ್ಮೆ ಪ್ರಕಟವಾದದ್ದನ್ನು ತಿದ್ದುವುದಿಲ್ಲ, ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯಲ್ಲಿ ಇನ್ನೊಂದನ್ನು ಹೊರಡಿಸುತ್ತಾರೆ. ಆರ್‌ಎಫ್‌ಸಿ ಎಡಿಟರ್ ತಾಣದಲ್ಲಿ ಸಂಖ್ಯೆ ಹಾಕಿದರೆ ಸಾಕು. ತಾಂತ್ರಿಕವೆಂದು ಹೆದರಬೇಡಿ, ಸಂಖ್ಯೆ 1855 ತೆಗೆಯಿರಿ. 1995ರಲ್ಲಿ ಬಂದ ಅದು ನೆಟ್ಟಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎನ್ನುವ ಮಾರ್ಗಸೂಚಿ. ಸರಪಳಿ ಪತ್ರ ಕಳಿಸಬೇಡಿ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ ಕಾಣುತ್ತದೆ ಎಂದೆಲ್ಲ ಅದರಲ್ಲಿದೆ. ದೊಡ್ಡಕ್ಷರವೇ ಇಲ್ಲದ ಲಿಪಿಯಲ್ಲಿ ಕಿರುಚುವುದು ಹೇಗೆ ಎಂದು ಕೇಳಿ ನೋಡಿ, ಒಂದು ಗಂಟೆ ಚರ್ಚೆ ತಾನಾಗಿ ನಡೆಯುತ್ತದೆ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಒಂದು ಕೈಬರಹದ ಹಾಳೆ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಇಂಟರ್ನೆಟ್‌ಗೆ ಮೊದಲಿದ್ದ ಜಾಲವಾದ ಆರ್ಪಾನೆಟ್‌ನ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂದು ಟೈಪಿಸಲು ಹೊರಟಾಗ ಇಂಗ್ಲಿಷಿನ ಮೊದಲೆರಡು ಅಕ್ಷರ, ಎಲ್ ಮತ್ತು ಓ, ತಲುಪಿ ಆಚೆಯ ಯಂತ್ರ ಕುಸಿಯಿತು, ಹಾಗಾಗಿ ಮೊದಲ ಸಂದೇಶ 'ಲೋ' ಎನ್ನುವ ಕಥೆ ಎಲ್ಲರಿಗೂ ಗೊತ್ತು. ಆ ದಿನದ ಲಾಗ್ ಪುಸ್ತಕದ ಪುಟದ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಪರದೆಗೆ ಹಾಕಿ, 'ಲೋ' ಎಲ್ಲಿದೆ ಹುಡುಕಿ ಅನ್ನುತ್ತೇನೆ. ಎಲ್ಲೂ ಇಲ್ಲ. 22:30 ಎಂಬ ಸಮಯದ ಎದುರು, ಆಚೆಯ ಯಂತ್ರದೊಂದಿಗೆ ಮಾತಾಡಿದೆವು ಎನ್ನುವಷ್ಟೇ ಟಿಪ್ಪಣಿ. 'ಲೋ' ಬಂದದ್ದು ಅಲ್ಲಿದ್ದವರ ನೆನಪಿನಿಂದ. ಹಾಗಂತ ಅದು ಸುಳ್ಳಲ್ಲ, ಬೇರೆ ಜಾತಿಯ ಆಕರ, ಅಷ್ಟೇ. ನೆನಪಿನ ಆಕರ ಬೇಕಾದಾಗ ಮಿನೆಸೋಟ ವಿಶ್ವವಿದ್ಯಾಲಯದ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟ್‌ನ ಸಂದರ್ಶನ ಸಂಗ್ರಹಕ್ಕೆ ಹೋಗಿ, ಆರ್ಪಾನೆಟ್ ಕಟ್ಟಿದವರ ಮಾತು ಅಕ್ಷರ ರೂಪದಲ್ಲಿದೆ. ವೆಬ್ಬಿನ ಪಾಠಕ್ಕಾದರೆ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸೆರ್ನ್‌ನಲ್ಲಿ ಕೊಟ್ಟ ಪ್ರಸ್ತಾವ ಇದೆ. ಅದರ ತಲೆಯ ಮೇಲೆ ಅವರ ಮೇಲಧಿಕಾರಿ 'ಅಸ್ಪಷ್ಟ, ಆದರೆ ರೋಚಕ' ಎಂಬರ್ಥದಲ್ಲಿ ಗೀಚಿದ್ದೂ ಕಾಣುತ್ತದೆ.

ಇನ್ನು ನಿಧಾನಕ್ಕೆ ಹಳತಾಗುವ ಸಂಶೋಧನಾ ಲೇಖನ. ಸಂಶೋಧನಾ ಬರಹ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ 'ಇಂಟರ್ನೆಟ್' ಎಂದು ಹುಡುಕಿದರೆ ಸಮುದ್ರಕ್ಕೆ ಬಿದ್ದ ಹಾಗೆ. ಒಂದೇ ಒಂದು ಗಟ್ಟಿ ಲೇಖನ ಹಿಡಿದುಕೊಂಡು ಅದರ ಹಿಂದಕ್ಕೂ ಮುಂದಕ್ಕೂ ನಡೆಯಿರಿ. ನಾನು ಹಿಡಿದದ್ದು ಸೋಶಿಯಲ್ ನೆಟ್‌ವರ್ಕ್ ತಾಣ ಎಂದರೇನು ಎಂದು ಡೇನಾ ಬಾಯ್ಡ್ ಮತ್ತು ನಿಕೋಲ್ ಎಲಿಸನ್ 2007ರಲ್ಲಿ ಬರೆದದ್ದನ್ನು. ಅವರ ವ್ಯಾಖ್ಯೆಗೆ ಮೂರು ಕಾಲು: ಪ್ರೊಫೈಲ್ ಇರಬೇಕು, ಯಾರೊಂದಿಗೆ ನಂಟಿದೆ ಎನ್ನುವ ಪಟ್ಟಿ ಇರಬೇಕು, ಆ ಪಟ್ಟಿಗಳ ಮೂಲಕ ಒಬ್ಬರಿಂದ ಒಬ್ಬರಿಗೆ ಹೋಗಲು ಬರಬೇಕು. ಅದರ ಉಲ್ಲೇಖಪಟ್ಟಿ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತದೆ. ಸ್ಕಾಲರ್‌ನಲ್ಲಿ ಅದರ ಕೆಳಗೆ, ಇದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಕೊಂಡಿ ಒತ್ತಿದರೆ ಮುಂದಕ್ಕೆ. ಅಲ್ಲಿ ಸಾವಿರಾರು ಬರುತ್ತವೆ, ಗಾಬರಿ ಬೇಡ. ಆ ಪುಟದಲ್ಲೇ 'ಈ ಲೇಖನಗಳ ಒಳಗೆ ಮಾತ್ರ ಹುಡುಕು' ಎನ್ನುವ ಆಯ್ಕೆ ಇದೆ. ಅದಕ್ಕೆ ಗುರುತು ಹಾಕಿ 'ಖಾಸಗಿತನ' ಅಥವಾ 'ಹದಿಹರೆಯ'ದ ಇಂಗ್ಲಿಷ್ ಪದ ಕೊಟ್ಟು, ಕಳೆದ ಐದು ವರ್ಷಕ್ಕೆ ಮಿತಿ ಹಾಕಿ. ಅದೇ ಜೋಡಿ 2013ರಲ್ಲಿ ತಮ್ಮ ವ್ಯಾಖ್ಯೆಯನ್ನು ತಾವೇ ತಿದ್ದಿದ್ದೂ ನನಗೆ ಸಿಕ್ಕಿದ್ದು ಹೀಗೆಯೇ. ಎರಡನ್ನೂ ಅಕ್ಕಪಕ್ಕ ಇಟ್ಟು, ಬೆರಳಾಡಿಸುತ್ತ ನೋಡುವ ಇವತ್ತಿನ ವಿಡಿಯೊ ಆ್ಯಪ್ ಇದರಲ್ಲಿ ಕೂರುತ್ತದೆಯೇ ಎಂದು ಕೇಳಿ.

ಹುಡುಕುವ ಪದಕ್ಕೂ ಕಾಲ ಇದೆ, ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. 1990ರ ದಶಕದ ಬರಹವನ್ನು 'ಸೋಶಿಯಲ್ ಮೀಡಿಯಾ' ಎಂದು ಹುಡುಕಿ ಒಂದು ಸಂಜೆ ಹಾಳುಮಾಡಿಕೊಂಡೆ. ಆಗ ಅವರು ಸೈಬರ್‌ಸ್ಪೇಸ್ ಅನ್ನುತ್ತಿದ್ದರು, ವರ್ಚುವಲ್ ಕಮ್ಯುನಿಟಿ ಅನ್ನುತ್ತಿದ್ದರು. ಈಚಿನವರ ಬಾಯಲ್ಲಿ ಪ್ಲಾಟ್‌ಫಾರ್ಮ್. ದಶಕಕ್ಕೊಂದರಂತೆ ಪದಗಳ ಚೀಟಿ ಮಾಡಿಟ್ಟುಕೊಳ್ಳಿ.

ದುಡ್ಡು ಕೊಡದೆ ಓದಲು ಸಿಗುವ ಪತ್ರಿಕೆಗಳಲ್ಲಿ 1996ರಿಂದ ಬರುತ್ತಿರುವ ಫಸ್ಟ್ ಮಂಡೇ ನನ್ನ ಮೊದಲ ನಿಲ್ದಾಣ, ಹಳೆಯ ಸಂಚಿಕೆಗಳೂ ಅಲ್ಲೇ ಇವೆ. ಸೋಶಿಯಲ್ ಮೀಡಿಯಾ ಪ್ಲಸ್ ಸೊಸೈಟಿ, ಇಂಟರ್ನೆಟ್ ಪಾಲಿಸಿ ರಿವ್ಯೂ ಕೂಡ ಮುಕ್ತ. ನ್ಯೂ ಮೀಡಿಯಾ ಅಂಡ್ ಸೊಸೈಟಿಯ ಅನೇಕ ಲೇಖನಗಳಿಗೆ ಚಂದಾ ಬೇಕು. ಅಂಥ ಕಡೆ ಅನ್‌ಪೇವಾಲ್ ಎನ್ನುವ ಬ್ರೌಸರ್ ವಿಸ್ತರಣೆ ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ತೋರಿಸುತ್ತದೆ. ಅದೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲು ಇಮೇಲ್ ಹಾಕಿ. ನನಗಂತೂ ಹೆಚ್ಚಿನವರು ಕಳಿಸಿದ್ದಾರೆ, ಒಬ್ಬರು ತಮ್ಮ ಸ್ಲೈಡ್‌ಗಳನ್ನೂ ಕಳಿಸಿದರು.

ಅಂಕಿಅಂಶಕ್ಕೆ ಬಂದರೆ ನಾನು ಸ್ವಲ್ಪ ಜಿಪುಣಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವಾರ್ಷಿಕ ವರದಿ, ಪ್ಯೂ ಸಮೀಕ್ಷೆಗಳು, ಇವೆರಡೇ ಸಾಕು. ಸಂಖ್ಯೆಗಿಂತ ಮೊದಲು ಅದರ ಅಡಿಟಿಪ್ಪಣಿ ಓದಿಸಿ. ಒಕ್ಕೂಟದ ಲೆಕ್ಕದಲ್ಲಿ 'ಇಂಟರ್ನೆಟ್ ಬಳಸುವವರು' ಎಂದರೆ ಕಳೆದ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಳಸಿದವರು. ಮೊಬೈಲ್ ಸಂಪರ್ಕಗಳ ಲೆಕ್ಕವೇ ಬೇರೆ, ಒಬ್ಬರ ಕೈಯಲ್ಲೇ ಎರಡು ಸಿಮ್ ಇರಬಹುದು. ಕಂಪನಿಗಳು ಹೇಳುವ ಬಳಕೆದಾರರ ಸಂಖ್ಯೆಯಲ್ಲಿ ನಕಲಿ ಖಾತೆಗಳೂ ಸೇರಿರಬಹುದು. ಪ್ಯೂ ತನ್ನ ಪ್ರಶ್ನಾವಳಿಯನ್ನೂ ಪ್ರಕಟಿಸುತ್ತದೆ. ಪ್ರಶ್ನೆ ಓದಿದ ಮೇಲೆ ಉತ್ತರದ ಶೇಕಡಾವಾರು ಬೇರೆಯೇ ಕಾಣುತ್ತದೆ.

ಚಾಟ್‌ಬಾಟ್ ಕೊಟ್ಟ ಉಲ್ಲೇಖಗಳನ್ನು ಪರೀಕ್ಷಿಸದೆ ಪಟ್ಟಿಗೆ ಸೇರಿಸಬೇಡಿ. ಹೋದ ವರ್ಷ ಒಬ್ಬ ಹುಡುಗ ತಂದ ಶೀರ್ಷಿಕೆ ಎಷ್ಟು ಚೆನ್ನಾಗಿತ್ತೆಂದರೆ ನಾನೇ ಓದಬೇಕೆಂದು ಹೊರಟೆ. ಪತ್ರಿಕೆ ನಿಜ, ಸಂಪುಟ ನಿಜ, ಆ ಪುಟಗಳಲ್ಲಿ ಇದ್ದದ್ದು ಮಾತ್ರ ಬೇರೆಯವರ ಲೇಖನ. ಪ್ರತಿ ಲೇಖನವನ್ನು ಗುರುತಿಸುವ ಡಿಒಐ ಸಂಖ್ಯೆಯನ್ನು ಡಿಒಐ ತಾಣದಲ್ಲಿ ಹಾಕಿ ನೋಡಲು ಹತ್ತು ಸೆಕೆಂಡು ಹಿಡಿಯುತ್ತದೆ. ಮಕ್ಕಳು ತಾವೇ ಯಾವುದಾದರೂ ಆನ್‌ಲೈನ್ ಗುಂಪಿನ ಪೋಸ್ಟ್‌ಗಳನ್ನು ಆಕರವಾಗಿ ತರುವುದಾದರೆ, ಅದಕ್ಕೂ ಮುಂಚೆ ಇಂಟರ್ನೆಟ್ ಸಂಶೋಧಕರ ಸಂಘದ ನೀತಿ ಮಾರ್ಗಸೂಚಿ ಓದಿಸಿ. ಹೆಸರು ಮರೆಮಾಚಿದರೂ, ಸಾಲನ್ನು ಹಾಗೇ ಉದ್ಧರಿಸಿದರೆ ಒಂದು ಹುಡುಕಾಟದಲ್ಲಿ ಬರೆದವರು ಸಿಕ್ಕಿಬೀಳುತ್ತಾರೆ.

ಪಟ್ಟಿ ಸಿದ್ಧವಾದ ದಿನವೇ ಪ್ರತಿ ಪುಟವನ್ನು ವೆಬ್ ಪುಟಗಳ ಹಳೆಯ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಆ ಪ್ರತಿಯ ವಿಳಾಸವನ್ನೂ ಪಕ್ಕದಲ್ಲಿ ಬರೆಯಿರಿ. ಉಲ್ಲೇಖಗಳನ್ನು ಜೋಡಿಸಿಡುವ ತಂತ್ರಾಂಶ ಜೊಟೆರೊದಲ್ಲಿ ಹಾಕಿಟ್ಟರೆ ನೋಡಿದ ತಾರೀಕೂ ದಾಖಲಾಗುತ್ತದೆ. ಸೆಮಿಸ್ಟರ್ ಶುರುವಾಗುವ ವಾರ ಎಲ್ಲವನ್ನೂ ಮತ್ತೊಮ್ಮೆ ಒತ್ತಿ ನೋಡಿ.

ಆ ಶೂ ಅಂಗಡಿಯ ಲಿಂಕನ್ನು ನಾನು ತೆಗೆದಿಲ್ಲ. ಐದನೆಯದಾಗಿ ಈಗಲೂ ಅಲ್ಲೇ ಇದೆ. ಆ ವಿಳಾಸವನ್ನು ವೇಬ್ಯಾಕ್‌ಗೆ ಹಾಕಿ, ಅಲ್ಲಿ ಮೊದಲು ಏನಿತ್ತು, ಯಾವ ತಿಂಗಳು ಕೈ ಬದಲಾಯಿತು ಎಂದು ಬರೆದು ತರುವುದು ಎರಡನೇ ವಾರದ ಮನೆಕೆಲಸ.