ವಾಲಿಯ ಅರ್ಥಕ್ಕೆ ನಾನು ತಯಾರಾದ ಬಗೆ

ಪತ್ತನಾಜೆ ಬಂತೆಂದರೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ ಅದು, ಮೇ 24ರ ಆಸುಪಾಸು ಬೀಳುತ್ತದೆ. ಆಮೇಲೆ ಮಳೆ. ಬಯಲಾಟ ನಿಂತು ತಾಳಮದ್ದಳೆಯ ಕಾಲ ಶುರುವಾಗುತ್ತದೆ. ಇದರಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕುಳಿತು ಮಾತಾಡುವ ನಾಲ್ಕೈದು ಮಂದಿ ಅರ್ಥಧಾರಿಗಳು. ಕಿಷ್ಕಿಂಧೆಯಾಗಲಿ ಕುರುಕ್ಷೇತ್ರವಾಗಲಿ, ಇಷ್ಟರಲ್ಲೇ ಕಟ್ಟಬೇಕು.

ನಾನು ಹೆಂಗಸರದೇ ಒಂದು ತಂಡದಲ್ಲಿದ್ದೇನೆ. ಮನೆಯ ಚಾವಡಿಯಲ್ಲಿ, ದೇವಸ್ಥಾನದಲ್ಲಿ, ಕರೆದ ಕಡೆ ಕೂಟ ಮಾಡುತ್ತೇವೆ. ತಾರೆ, ಲಕ್ಷ್ಮಣ, ವಿದುರ ಇಂಥ ಪಾತ್ರಗಳು ನನಗೆ ರೂಢಿಯಾಗಿದ್ದವು. ಒಂದು ಮಳೆಗಾಲ ಭಾಗವತರು, ‘ಟೀಚರೇ, ಈ ಸಲ ವಾಲಿ ನೀವೇ ಹೇಳಿ’ ಅಂದರು. ವಾಲಿಮೋಕ್ಷದ ವಾಲಿ ಅಂದರೆ ಸಣ್ಣ ಮಾತಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದ ಊರುಗಳು ನಮ್ಮವು. 2006ರಲ್ಲಿ ಅವರು ತೀರಿಕೊಂಡರು. ಅವರ ಮಾತಿನ ಧ್ವನಿಮುದ್ರಣಗಳನ್ನು ಜನ ಈಗಲೂ ಹುಡುಕಿ ಕೇಳುತ್ತಾರೆ. ನಾನೂ ಕೇಳಿದೆ. ಒಂದು ಸಲ ಪೂರ್ತಿ ಕೇಳಿ ಬದಿಗಿಟ್ಟೆ. ಮತ್ತೆ ಮತ್ತೆ ಕೇಳಿದರೆ ಅವರ ವಾಕ್ಯಗಳೇ ನಾಲಗೆಗೆ ಬಂದುಬಿಡುತ್ತವೆ. ಆಮೇಲೆ ನಮ್ಮ ಮಾತಿಗೆ ಜಾಗ ಎಲ್ಲಿ, ಅಲ್ವಾ?

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಮಾತು ಎಲ್ಲೂ ಬರೆದಿರುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅದರ ಅರ್ಥವನ್ನು ಪಾತ್ರಧಾರಿ ಅಲ್ಲೇ ಕಟ್ಟಿ ಹೇಳಬೇಕು. ಹಾಗಾಗಿ ನನ್ನ ಮೊದಲ ಕೆಲಸ ಪದ್ಯದ್ದು. ಒಂದು ನೋಟ್ ಪುಸ್ತಕ ತೆಗೆದುಕೊಂಡು ಎಡಪುಟದಲ್ಲಿ ವಾಲಿಯ ಪದ್ಯಗಳನ್ನೆಲ್ಲ ಕೈಯಲ್ಲೇ ಬರೆದೆ. ಬಲಪುಟ ಖಾಲಿ ಬಿಟ್ಟೆ. ಪ್ರತಿ ಪದ್ಯದ ಕೆಳಗೆ ಮುಂದಿನ ಪದ್ಯದ ಮೊದಲ ಸಾಲನ್ನೂ ಬರೆದುಕೊಂಡೆ. ಇದು ತುಂಬಾ ಮುಖ್ಯ. ನನ್ನ ಮಾತು ಎಲ್ಲಿಂದ ಹೊರಟರೂ ಕೊನೆಗೆ ಆ ಸಾಲಿನ ಬಾಗಿಲಿಗೇ ಬಂದು ನಿಲ್ಲಬೇಕು. ಆಗ ಭಾಗವತರು ಸಲೀಸಾಗಿ ಪದ್ಯ ಎತ್ತುತ್ತಾರೆ. ಎಷ್ಟೇ ಚಂದ ಮಾತಾಡಿದರೂ ಮುಂದಿನ ಪದ್ಯಕ್ಕೆ ದಾರಿ ಬಿಡದಿದ್ದರೆ ಕೂಟ ಕುಂಟುತ್ತದೆ.

ಆಮೇಲೆ ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡಕ್ಕೆ ಹೋದೆ. 17ನೇ ಸರ್ಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. 18ರಲ್ಲಿ ರಾಮನ ಉತ್ತರ. ವಾಲಿಯ ವಾದ ಓದಿದರೆ ಮೈ ಜುಮ್ಮೆನ್ನುತ್ತದೆ. ನಿನ್ನ ದೇಶಕ್ಕೆ ಬಂದು ನಾನೇನು ಕೆಡುಕು ಮಾಡಿದೆ? ನಾನು ಇನ್ನೊಬ್ಬನ ಜೊತೆ ಹೋರಾಡುತ್ತಿರುವಾಗ ಮರೆಯಲ್ಲಿ ನಿಂತು ಹೊಡೆದೆಯಲ್ಲ? ಬೇಟೆ ಅನ್ನುತ್ತೀಯಾ? ಐದುಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದವು ಐದೇ, ಅದರಲ್ಲಿ ಕಪಿ ಇಲ್ಲ. ನನ್ನ ಚರ್ಮ, ರೋಮ, ಎಲುಬು ಯಾವುದೂ ನಿನ್ನ ಉಪಯೋಗಕ್ಕೆ ಬಾರದು. ಸೀತೆ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತು, ಒಂದೇ ದಿನದಲ್ಲಿ ತಂದೊಪ್ಪಿಸುತ್ತಿದ್ದೆ. ಇಷ್ಟೂ ವಾಲಿಯ ಕೈಯಲ್ಲಿದೆ. ಇದನ್ನು ಚೆನ್ನಾಗಿ ಉರು ಹೊಡೆದು ಕುಳಿತರೆ ಸಭೆಯ ಚಪ್ಪಾಳೆ ಖಂಡಿತ.

ಆದರೆ ನಾನು ಬಲಪುಟಕ್ಕೆ ಮೊದಲು ಬರೆದದ್ದು ರಾಮನ ಅರ್ಥವನ್ನು. ಸತ್ಯ ಹೇಳುತ್ತೇನೆ, ನನ್ನ ಇಡೀ ತಯಾರಿಯಲ್ಲಿ ಫಲ ಕೊಟ್ಟದ್ದು ಇದೇ. ಎದುರಿನವರು ಏನು ಹೇಳಬಹುದು ಎಂದು ಸುಮ್ನೆ ಊಹಿಸುವುದಲ್ಲ. ರಾಮನ ಪಾತ್ರ ನನಗೇ ಕೊಟ್ಟಿದ್ದಾರೆ ಅಂದುಕೊಂಡು, ವಾಲಿಯನ್ನು ಸೋಲಿಸಲೇಬೇಕು ಅಂತ ಕೂತು ಬರೆದೆ. ಈ ನೆಲ ಇಕ್ಷ್ವಾಕುಗಳದ್ದು, ಆಳುವವನು ಭರತ, ಅವನ ಆಜ್ಞೆಯಂತೆ ಧರ್ಮ ನಡೆಸುವವನು ನಾನು. ತಮ್ಮನ ಹೆಂಡತಿ ರುಮೆ ನಿನಗೆ ಸೊಸೆಗೆ ಸಮಾನ, ಅವಳನ್ನು ಇಟ್ಟುಕೊಂಡೆ. ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ, ಕೊಟ್ಟ ಮಾತಿಗೆ ತಪ್ಪಲಾರೆ. ಹೀಗೆ ಬರೆಯುತ್ತ ಹೋದಾಗ ವಾಲಿಯ ಎಲ್ಲ ವಾದಗಳ ತೂಕ ಒಂದೇ ಅಲ್ಲ ಎಂದು ಗೊತ್ತಾಯಿತು. ಚರ್ಮ, ಎಲುಬಿನ ಮಾತು ಕೇಳಲು ರಂಜನೆ, ರಾಮ ಅದನ್ನು ದಾಟುವುದು ಸುಲಭ. ಮರೆಯಿಂದ ಹೊಡೆದೆ ಎಂಬ ಮಾತನ್ನು ದಾಟುವುದು ಕಷ್ಟ. ರುಮೆಯ ವಿಷಯ ಎತ್ತಿದರೆ ವಾಲಿಗೇ ಕಷ್ಟ. ಅಲ್ಲಿ ಸುಳ್ಳು ಸಮರ್ಥನೆ ಹುಡುಕುವುದು ಬೇಡ, ಮೌನಕ್ಕೆ ಹತ್ತಿರದ ಒಂದು ಸಣ್ಣ ಉತ್ತರ ಸಾಕು ಎಂದು ಆಗಲೇ ನಿಶ್ಚಯ ಮಾಡಿದೆ.

ರಾಮನ ಅರ್ಥ ಹೇಳುವ ಅಕ್ಕ ನಮ್ಮ ತಂಡದ ಹಿರಿಯರು. ಪದ್ಯಗಳ ಕ್ರಮ, ಯಾವುದು ಬಿಡಬೇಕು, ಎಷ್ಟು ಹೊತ್ತು ಎಂಬುದನ್ನು ಮಾತ್ರ ಮೊದಲೇ ಮಾತಾಡಿಕೊಂಡೆವು. ವಾದ ಏನು ಎಂದು ಒಬ್ಬರಿಗೊಬ್ಬರು ಹೇಳಲಿಲ್ಲ. ಅದು ಅಲ್ಲೇ ಹುಟ್ಟಬೇಕು, ತಾಳಮದ್ದಳೆಯ ಜೀವ ಇರುವುದೇ ಅಲ್ಲಿ.

ಕೂಟದ ದಿನ ಅವರು ನಾನು ಬರೆದುಕೊಂಡ ಯಾವ ಸಾಲಿನಲ್ಲೂ ಇಲ್ಲದ ಕಡೆಯಿಂದ ಬಂದರು. ನನ್ನ ವಾಲಿ, ‘ವಿಚಾರಣೆ ಇಲ್ಲದೆ ಶಿಕ್ಷೆ ಕೊಡುವುದು ಯಾವ ಅರಸನ ಧರ್ಮ?’ ಎಂದು ಕೇಳಿದ್ದೆ. ರಾಮ ನಿಧಾನವಾಗಿ ಹೇಳಿದ: ‘ವಾಲೀ, ಮಾಯಾವಿಯನ್ನು ಕೊಂದು ಬಿಲದಿಂದ ಹೊರಬಂದ ದಿನ ನೀನು ತಮ್ಮನ ವಿಚಾರಣೆ ಮಾಡಿದ್ದೆಯಾ? ನೆತ್ತರು ಹರಿದು ಬಂದದ್ದನ್ನು ಕಂಡು ಅಣ್ಣ ಸತ್ತನೆಂದು ಬಂಡೆ ಮುಚ್ಚಿದೆ ಎಂದು ಅವನು ಕಾಲಿಗೆ ಬಿದ್ದು ಹೇಳಿದ. ನೀನು ಕಿವಿಗೊಟ್ಟೆಯಾ? ಉಟ್ಟ ಬಟ್ಟೆಯಲ್ಲಿ ಓಡಿಸಿದೆ. ಅಂಥವನು ನನ್ನಲ್ಲಿ ವಿಚಾರಣೆ ಕೇಳುತ್ತೀಯಾ?’

ಸಭೆ ಸ್ತಬ್ಧ. ಆದರೆ ರಾಮನ ಅರ್ಥವನ್ನು ನಾನೇ ಬರೆದಿದ್ದೆನಲ್ಲ, ಅವನಿಗೆ ಎಲ್ಲಿ ನೋವಾಗುತ್ತದೆ ಎಂದು ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಇಷ್ಟು: ‘ಓಡಿಸಿದ್ದು ತಪ್ಪೇ ಇರಬಹುದು, ರಾಘವಾ. ಆದರೆ ಅವನು ನನ್ನ ಮುಖ ನೋಡಿಯೇ ಓಡಿದ. ನಾನು ಯಾರ ಮುಖ ನೋಡಿ ಬೀಳಬೇಕಿತ್ತು?’ ಅಲ್ಲಿಗೆ ನಿಲ್ಲಿಸಿದೆ. ಮುಂದೆ ಇನ್ನೂ ಹೇಳುವ ಆಸೆ ಇತ್ತು. ಭಾಗವತರ ಕೈ ಜಾಗಟೆಯ ಮೇಲೆ ಹೋದದ್ದು ಕಂಡಿತು, ಸುಮ್ಮನಾದೆ. ಪದ್ಯ ಸರಿಯಾದ ಜಾಗದಲ್ಲೇ ಬಂತು.

ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯ ಇದೆ. ವಾಲಿ ವಾದದಲ್ಲಿ ಗೆದ್ದು ಕೂರಬಾರದು. ಪ್ರಸಂಗದ ಹೆಸರೇ ವಾಲಿಮೋಕ್ಷ. ಅವನು ಕೊನೆಗೆ ರಾಮನನ್ನು ಒಪ್ಪಬೇಕು, ಇಂದ್ರ ಕೊಟ್ಟ ಚಿನ್ನದ ಮಾಲೆಯನ್ನು ಸುಗ್ರೀವನಿಗೆ ಕೊಡಬೇಕು, ಅಂಗದನನ್ನು ಒಪ್ಪಿಸಬೇಕು. ಚಪ್ಪಾಳೆಯ ಬಿಸಿಯಲ್ಲಿ ವಾದವನ್ನೇ ಎಳೆಯುತ್ತ ಹೋದರೆ ಈ ಭಾಗಕ್ಕೆ ಹೊತ್ತೇ ಉಳಿಯುವುದಿಲ್ಲ. ಎಷ್ಟೋ ಕೂಟಗಳಲ್ಲಿ ಹೀಗಾಗುವುದನ್ನು ನೋಡಿ ನನಗೆ ಸಂಕಟವಾಗಿದೆ. ಹಿಂದೆ ಬೆಳಗಿನವರೆಗೆ ಕೂಟ ನಡೆಯುತ್ತಿತ್ತು, ಈಗ ಹೆಚ್ಚಿನ ಕಡೆ ಎರಡು ಮೂರು ಗಂಟೆ. ಹೊತ್ತು ಕಡಿಮೆ ಇದ್ದರೆ ನಾನು ಕತ್ತರಿಸುವುದು ಪೀಠಿಕೆಯನ್ನು. ದುಂದುಭಿ, ಮತಂಗರ ಶಾಪ, ಹಳೆಯ ಪೌರುಷ ಎಲ್ಲ ನಾಲ್ಕು ವಾಕ್ಯಕ್ಕೆ ಇಳಿಸುತ್ತೇನೆ. ಅಂಗದನ ಕೈ ಹಿಡಿದು ಸುಗ್ರೀವನ ಕೈಯಲ್ಲಿ ಇಡುವ ಮಾತನ್ನು ಮಾತ್ರ ಮುಟ್ಟುವುದಿಲ್ಲ.

ಸ್ವರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹೆಂಗಸು ವಾಲಿಯಾದರೆ ಗಂಟಲು ದಪ್ಪ ಮಾಡಬೇಕೇ ಅಂತ. ಬೇಕಾಗಿಲ್ಲ. ಶ್ರುತಿ ಪೆಟ್ಟಿಗೆ ಹಚ್ಚಿಟ್ಟು, ಅದೇ ಶ್ರುತಿಯಲ್ಲಿ ಮಾತಾಡುವುದನ್ನು ದಿನಾ ಅಭ್ಯಾಸ ಮಾಡಿದೆ. ಶ್ರುತಿಯಲ್ಲಿದ್ದರೆ ತಗ್ಗಿಸಿ ಹೇಳಿದ ಮಾತೂ ಹಿಂದಿನ ಸಾಲಿಗೆ ಮುಟ್ಟುತ್ತದೆ. ಭಾಷೆಗೂ ಅಷ್ಟೇ ಶ್ರಮ ಬೇಕು. ಕೂಟದಲ್ಲಿ ಒಂದು ಇಂಗ್ಲಿಷ್ ಪದ ನುಸುಳಿದರೂ ಆಭಾಸ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಮಗಳ ಜೊತೆ ಅರ್ಧ ಗಂಟೆ ಬರೀ ಕನ್ನಡದಲ್ಲಿ ಮಾತಾಡುವ ಪಣ ಕಟ್ಟಿದೆ. ಅವಳೇ ನನ್ನ ಪರೀಕ್ಷಕಿ.

ಹೊಸದಾಗಿ ಅರ್ಥ ಹೇಳುವವರು ಇದೇ ಪ್ರಸಂಗ ಆರಿಸಿಕೊಳ್ಳುವುದಾದರೆ ತಾರೆಯಿಂದ ಶುರು ಮಾಡಿ. ಪದ್ಯ ಕಡಿಮೆ, ಕೆಲಸ ಜಾಸ್ತಿ. ಆಗಷ್ಟೇ ಪೆಟ್ಟು ತಿಂದು ಓಡಿದ ಸುಗ್ರೀವ ಮತ್ತೆ ಬಂದು ಕೂಗುತ್ತಾನೆ ಎಂದರೆ ಅವನ ಬೆನ್ನಿಗೆ ಯಾರೋ ಇದ್ದಾರೆ ಎಂದು ಲೆಕ್ಕ ಹಾಕುವವಳು ಅವಳು. ರಾಮಲಕ್ಷ್ಮಣರು ಕಾಡಿಗೆ ಬಂದ ಸುದ್ದಿಯೂ ಅಂಗದನಿಂದ ಅವಳಿಗೆ ತಿಳಿದಿದೆ. ಅಳಬೇಡಿ, ಬೇಡಬೇಡಿ, ಲೆಕ್ಕವನ್ನು ವಾಲಿಯ ಮುಂದೆ ಇಡಿ. ವಾಲಿ ಹೇಳುವವರಿಗೆ ಉತ್ತರ ಹುಡುಕಲು ಕಷ್ಟವಾಯಿತೆಂದರೆ ನಿಮ್ಮ ತಾರೆ ಸರಿಯಾದಳು ಎಂದೇ ಲೆಕ್ಕ.